ಸ್ಟಾಫ್ ರೂಮಿಗೆ ಬರುವ ಡಿಕ್ಷನರಿ ಸೆಟ್: ಸಹಿ ಹಾಕುವ ಮುಂಚೆ ಇದನ್ನು ಓದಿ

ಧಾರವಾಡ, ಹುಬ್ಬಳ್ಳಿ, ಕಲಘಟಗಿ ಕಡೆಯ ಶಾಲೆ-ಕಾಲೇಜುಗಳಲ್ಲಿ ಕೆಲಸ ಮಾಡುವವರೆಲ್ಲ ದಯವಿಟ್ಟು ಓದಿ. ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಬಂದು ಇಂಗ್ಲಿಷ್ ಡಿಕ್ಷನರಿ ಸೆಟ್ ಮಾರುವವರಿದ್ದಾರಲ್ಲ, ಅವರಿಗೆ ಅಡ್ವಾನ್ಸ್ ಕೊಡಬೇಡಿ. ಒಂದು ರೂಪಾಯಿನೂ ಕೊಡಬೇಡಿ. ಎಲ್ಲ ಏಜೆಂಟರೂ ಹೀಗೇ ಅಂತ ಹೇಳುತ್ತಿಲ್ಲ. ಹೇಳಿದ ಪುಸ್ತಕವನ್ನೇ ತಂದುಕೊಟ್ಟು, ಸಂಬಳ ಆದ ಮೇಲೆ ಬಂದು ಕಂತು ಇಸಕೊಂಡು ಹೋಗುವವರು ನಮ್ಮ ಶಾಲೆಗೂ ಬರುತ್ತಾರೆ. ಈ ಸೆಟ್ಟಿನವರ ಕತೆಯೇ ಬೇರೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸಂಜೆ ಹೊತ್ತು ಕನ್ನಡ ಕತೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡುವ ಹವ್ಯಾಸ. ಅಕ್ಕನ ಮಗ ನಮ್ಮ ಮನೆಯಲ್ಲೇ ಇದ್ದು ಸಪ್ತಾಪುರದಲ್ಲಿ ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್ ಹೋಗುತ್ತಾನೆ. ಹಾಗಾಗಿ ನಮ್ಮಲ್ಲಿ ಡಿಕ್ಷನರಿ ಶೋಕೇಸಿಗಲ್ಲ, ದಿನಾ ಬೇಕು. ಹಳೆಯದು ಹಾಳೆ ಕಿತ್ತು ಬಂದಿತ್ತು.

ಆಗ ಸೆಟ್ ಮಾರುವ ಹುಡುಗ ಬಂದ. ಟೈ, ಐಡಿ ಕಾರ್ಡು, ಹೆಗಲಿಗೆ ಚೀಲ. ಹೆಡ್ ಮಾಸ್ತರ ಪರ್ಮಿಷನ್ ಇತ್ತು. "ಅಕ್ಕೋರ, ಈ ಸೆಟ್ ಒಂದ್ ಮನ್ಯಾಗ ಇದ್ರ ಹುಡುಗರಿಗೆ ಟ್ಯೂಷನ್ನ ಬ್ಯಾಡ್ರಿ" ಅಂದ. ಚೀಲದಿಂದ ತೆಗೆದು ನನ್ನ ಕೈಗೇ ಕೊಟ್ಟಿದ್ದು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ, 2020ರಲ್ಲಿ ಬಂದ ಹತ್ತನೇ ಆವೃತ್ತಿ. ನಾನೇ ಪುಟ ತಿರುವಿ ನೋಡಿದೆ. ಅಸಲಿ ಪುಸ್ತಕ. ತೆಳು ಕಾಗದ, ಸ್ವಚ್ಛ ಅಚ್ಚು, ಎಲ್ಲ ಸರಿ ಇತ್ತು. ಅದರ ಜೊತೆ ಒಂದು ಥೆಸಾರಸ್ (ಒಂದೇ ಥರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಪುಸ್ತಕ), ಒಂದು ಗ್ರಾಮರ್, ಒಂದು ಸಿಡಿ. ಈಗ ಸಿಡಿ ಹಾಕುವ ಕಂಪ್ಯೂಟರ್ ಯಾರ ಮನೆಯಲ್ಲಿದೆಯೋ, ಅದಿರಲಿ.

ಸೆಟ್ಟಿಗೆ 2,400. ಮೇಲೆ ಜಿಎಸ್‌ಟಿ ಅಂತ 120. ಅಡ್ವಾನ್ಸ್ 600, ಉಳಿದಿದ್ದು ತಿಂಗಳ ಕಂತು. ಜಿಎಸ್‌ಟಿ ಬಗ್ಗೆ ಕೇಳಿದ್ದಕ್ಕೆ "ಗೌರ್ಮೆಂಟ್ ರೂಲ್ಸ್ ಐತ್ರಿ ಅಕ್ಕೋರ" ಅಂದ. ಯಾವ ರೂಲ್ಸೂ ಇಲ್ಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ. 2017ರಲ್ಲಿ ಜಿಎಸ್‌ಟಿ ಶುರುವಾದಾಗಿನಿಂದಲೂ ಸೊನ್ನೆ. ಇದನ್ನು ನಮ್ಮ ಕ್ಲರ್ಕ್ ಆಮೇಲೆ ಹೇಳಿದರು. ಆ ದಿನ ಅವರು ರಜೆ.

ಇಂಗ್ಲಿಷ್ ಟೀಚರ್ ತಗೊಂಡರು ಅಂತ ಗಣಿತದವರು ತಗೊಂಡರು, ಪಿಟಿ ಮಾಸ್ತರು ತಗೊಂಡರು, ಮಗಳು ಪಿಯುಸಿಯಲ್ಲಿರುವ ಹಿಂದಿ ಟೀಚರೂ ತಗೊಂಡರು. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಪೆಟ್ಟಿಗೆ ಬಂತು. ಮೇಲೆ ಪ್ಲಾಸ್ಟಿಕ್ ಸೀಲ್. ತಂದುಕೊಟ್ಟವನು ಬೇರೆ ಹುಡುಗ. ಸಹಿ ಮಾಡಿಸಿಕೊಂಡು, ನಾನು ಕತ್ತರಿ ಹುಡುಕುವಷ್ಟರಲ್ಲಿ ಗಾಡಿ ಹತ್ತಿ ಹೋಗಿಯೇಬಿಟ್ಟ. ಸೀಲ್ ಬಿಚ್ಚಿದರೆ ಒಳಗೆ ಆಕ್ಸ್‌ಫರ್ಡೇ ಇಲ್ಲ. ರುಬ್ಬುಗುಂಡಿನಷ್ಟು ಭಾರದ ಒಂದು ಪುಸ್ತಕ, ದಪ್ಪ ರಟ್ಟು, ಬಂಗಾರದ ಅಕ್ಷರದಲ್ಲಿ 'ವೆಬ್‌ಸ್ಟರ್ಸ್', ಕೆಳಗೆ 'ಲೇಟೆಸ್ಟ್ ಎಡಿಶನ್'. ಯಾವ ವರ್ಷದ ಲೇಟೆಸ್ಟ್? ಒಳಗೆಲ್ಲೂ ವರ್ಷವೇ ಇಲ್ಲ. ಪ್ರಕಾಶಕರ ವಿಳಾಸವಿಲ್ಲ, ಸಂಪಾದಕರ ಹೆಸರಿಲ್ಲ. ಹಿಂದಿನ ರಟ್ಟಿನ ಮೇಲೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ ಇತ್ತು, ಎಣಿಸಿದೆ, ಹತ್ತೇ ಅಂಕಿ. 2007ರ ಜನವರಿಯಿಂದ ಐಎಸ್‌ಬಿಎನ್‌ಗೆ 13 ಅಂಕಿ ಇರುತ್ತದೆ. ಹತ್ತೇ ಅಂಕಿ ಇರುವುದು ಅದಕ್ಕೂ ಹಿಂದಿನ ಪುಸ್ತಕದ ಮೇಲೆ.

ಬೆಲೆಯ ಜಾಗದಲ್ಲಿ ಸ್ಟಿಕರ್: 1,495. ಒಂದು ಮೂಲೆ ಸ್ವಲ್ಪ ಎದ್ದಿತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಕೆಳಗೆ ಅಚ್ಚಾಗಿದ್ದ ಬೆಲೆ 295.

ಇನ್ನೂರಾ ತೊಂಬತ್ತೈದು! ನನ್ನ ಮಾತು ಕೇಳಿ ದುಡ್ಡು ಕೊಟ್ಟವರು ಅದೇ ಟೇಬಲ್ ಸುತ್ತ ನಿಂತಿದ್ದರು. ಪಿಟಿ ಮಾಸ್ತರು ಏನೂ ಮಾತಾಡದೆ ತಮ್ಮ ಪೆಟ್ಟಿಗೆ ಬಿಚ್ಚಿ, ತಮ್ಮ ಪುಸ್ತಕದ ಸ್ಟಿಕರ್ ಕಿತ್ತರು. ಅಲ್ಲೂ 295.

ಹುಡುಗನಿಗೆ ಫೋನ್ ಮಾಡಿದೆ. "ತಮ್ಮಾ, ತೋರಿಸಿದ್ದೇ ಬೇರೆ, ಕಳಿಸಿದ್ದೇ ಬೇರೆ, ಇದೇನಿದು?" ಅಂದೆ. ಸ್ವಲ್ಪವೂ ತಡವರಿಸಲಿಲ್ಲ. "ಬ್ಯಾರೆ ಅಲ್ರಿ ಅಕ್ಕೋರ, ಅದಕ್ಕಿಂತ ದೊಡ್ಡದ ಕಳಿಸೀವ್ರಿ. ಅದು ಬರೇ ಲರ್ನರ್ಸ್ ರೀ, ಕಲಿಯೋ ಹುಡುಗರದು. ನೀವು ಕಲಸಾವ್ರು, ನಿಮಗ ವೆಬ್‌ಸ್ಟರ್ ಬೇಕ್ರಿ. ವರ್ಲ್ಡ್ ಫೇಮಸ್ ಐತ್ರಿ ಅದು."

ಎಷ್ಟು ಚಂದ ಮೂಗಿಗೆ ತುಪ್ಪ ಸವರುತ್ತಾರೆ ನೋಡಿ.

ಈ ವೆಬ್‌ಸ್ಟರ್ ವಿಷಯ ಎಲ್ಲರಿಗೂ ಗೊತ್ತಿರಬೇಕು. ನೋವಾ ವೆಬ್‌ಸ್ಟರ್ ಅಮೆರಿಕದವರು, ಅವರ ದೊಡ್ಡ ಡಿಕ್ಷನರಿ ಬಂದಿದ್ದು 1828ರಲ್ಲಿ. 1843ರಲ್ಲಿ ಅವರು ತೀರಿಕೊಂಡ ಮೇಲೆ ಮೆರಿಯಮ್ ಅಣ್ಣತಮ್ಮಂದಿರು ಅದರ ಹಕ್ಕು ಕೊಂಡರು. ಅದೇ ಇವತ್ತಿನ ಮೆರಿಯಮ್-ವೆಬ್‌ಸ್ಟರ್, ಒಳ್ಳೆಯ ಡಿಕ್ಷನರಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬರೀ 'ವೆಬ್‌ಸ್ಟರ್' ಅನ್ನುವ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ ಅಂತ ಅಮೆರಿಕದ ಕೋರ್ಟುಗಳೇ ಹೇಳಿವೆ. ಯಾರು ಬೇಕಾದರೂ ರಟ್ಟಿನ ಮೇಲೆ ಹಾಕಿಕೊಳ್ಳಬಹುದು. 1913ರ ಹಳೆಯ ವೆಬ್‌ಸ್ಟರ್‌ಗೆ ಅಲ್ಲಿ ಕಾಪಿರೈಟೂ ಮುಗಿದಿದೆ, ಅದರಲ್ಲಿದ್ದುದನ್ನು ಎತ್ತಿ ಅಚ್ಚು ಹಾಕಿದರೆ ಕೇಳುವವರಿಲ್ಲ. ನನಗೆ ಬಂದ ಪುಸ್ತಕದಲ್ಲಿ ಇಮೇಲ್ ಇಲ್ಲ, ವೆಬ್‌ಸೈಟ್ ಇಲ್ಲ. ಕುದುರೆ ಗಾಡಿಯ ಬಿಡಿಭಾಗಗಳ ಹೆಸರು ಮಾತ್ರ ಬೇಕಾದಷ್ಟಿವೆ.

ಇನ್ನು ಲರ್ನರ್ಸ್ ಅಂದರೆ ಚಿಕ್ಕ ಹುಡುಗರದು ಅಂದನಲ್ಲ, ಅದಕ್ಕಿಂತ ದೊಡ್ಡ ಸುಳ್ಳಿಲ್ಲ. ಇಂಗ್ಲಿಷ್ ಮನೆಮಾತಲ್ಲದ ನಮ್ಮಂಥವರಿಗಾಗಿಯೇ ಮಾಡಿದ ಡಿಕ್ಷನರಿ ಅದು. ಹಾರ್ನ್‌ಬಿ ಅನ್ನುವವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಾ, ಅಲ್ಲಿನ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ನೋಡಿ ಮಾಡಿದ್ದು. 1942ರಲ್ಲಿ ಮೊದಲು ಅಚ್ಚಾಗಿದ್ದೂ ಜಪಾನಿನಲ್ಲೇ, 1948ರಲ್ಲಿ ಆಕ್ಸ್‌ಫರ್ಡ್‌ನವರು ತಂದರು. ಲಾಂಗ್‌ಮನ್ ಪ್ರಕಾಶನದವರು 1978ರಲ್ಲಿ ತಮ್ಮದನ್ನು ತಂದಾಗ ಅರ್ಥಗಳನ್ನೆಲ್ಲ ಸುಮಾರು 2,000 ಸುಲಭ ಪದಗಳಲ್ಲೇ ಬರೆದರು. ಯಾವ ನಾಮಪದಕ್ಕೆ ಬಹುವಚನ ಇಲ್ಲ, ಯಾವ ಕ್ರಿಯಾಪದದ ಮುಂದೆ ಏನು ಬರಬೇಕು, ಉಚ್ಚಾರ ಹೇಗೆ, ಬಳಸಿದ ವಾಕ್ಯ ಯಾವುದು, ಎಲ್ಲ ಅಲ್ಲೇ ಇರುತ್ತದೆ. ಅನುವಾದ ಮಾಡುವವರಿಗೆ ಬೇಕಾದದ್ದೂ ಅದೇ. ನನಗೆ ಬಂದಿದ್ದರಲ್ಲಿ ಒಂದು ಪದ, ಪಕ್ಕದಲ್ಲಿ ಅದಕ್ಕಿಂತ ಕಷ್ಟದ ಇನ್ನೊಂದು ಪದ. ಆ ಪದ ಹುಡುಕಿದರೆ ಅಲ್ಲಿ ಮತ್ತೆ ಮೊದಲನೆಯದೇ! ಸ್ಪೆಲಿಂಗ್ ಅಮೆರಿಕದ್ದು, ನಮ್ಮ ಪಠ್ಯಪುಸ್ತಕದಲ್ಲಿರುವುದು ಬ್ರಿಟಿಷರದ್ದು. ಹಿಂದಿ ಟೀಚರ ಮಗಳು ಅದನ್ನು ನೋಡಿ ಬರೆದು ಮಾರ್ಕ್ಸ್ ಕಳಕೊಂಡಳು.

ಥೆಸಾರಸ್ ಅಂತೂ ಕೇಳಲೇಬೇಡಿ. ಅದರ ಮೇಲೆ 'ರೋಜೆ' ಅಂತ ಹಾಕಿದ್ದಾರೆ. ರೋಜೆ ಒಬ್ಬ ಬ್ರಿಟಿಷ್ ಡಾಕ್ಟರು. 1852ರಲ್ಲಿ ಅವರು ಮಾಡಿದ್ದು ವಿಷಯವಾರು ಜೋಡಣೆ, ಹುಡುಕುವುದಕ್ಕೆ ಕೊನೆಯಲ್ಲಿ ಪದಸೂಚಿ ಇರಲೇಬೇಕು. ಇದರಲ್ಲಿ ಸೂಚಿಯ ಪುಟಗಳೇ ಇಲ್ಲ, ಹುಡುಕುವುದಾದರೂ ಹೇಗೆ? ಯಾವುದು ಹೊಗಳಿಕೆ, ಯಾವುದು ಬೈಗುಳ ಅನ್ನುವ ಗುರುತೂ ಇಲ್ಲ, ಬರೀ ಪಟ್ಟಿ. ಹತ್ತನೇ ಕ್ಲಾಸಿನ ಹುಡುಗನೊಬ್ಬ ರಿಟೈರ್ ಆದ ನಮ್ಮ ಹಿಂದಿನ ಹೆಡ್ ಮಾಸ್ತರಿಗೆ ಸ್ವಾಗತ ಭಾಷಣ ಬರೆಯುವಾಗ 'ಓಲ್ಡ್' ಅನ್ನುವುದು ಚೆನ್ನಾಗಿಲ್ಲ ಅಂತ ಈ ಪಟ್ಟಿ ನೋಡಿ 'ಆಬ್ಸಲೀಟ್' ಅಂತ ಹಾಕಿದ್ದ. ಬಳಕೆ ತಪ್ಪಿಹೋದ ಮಷೀನಿಗೆ ಹೇಳುವ ಮಾತು! ಭಾಷಣದ ಹಿಂದಿನ ದಿನ ನನ್ನ ಕಣ್ಣಿಗೆ ಬಿದ್ದು ಬಚಾವ್.

ಫೋನಿನಲ್ಲಿ ಆಗಲ್ಲ ಅಂತ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ಅವರ ಆಫೀಸಿಗೇ ಹೋದೆ. ಆಫೀಸ್ ಅಂದರೆ ಮಹಡಿ ಮೇಲಿನ ಒಂದು ರೂಮು, ಒಂದು ಟೇಬಲ್ಲು, ಗೋಡೆ ತುಂಬ ಇವೇ ಪೆಟ್ಟಿಗೆಗಳು. ಅಲ್ಲಿದ್ದ ಯಜಮಾನರ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನೀವೇ ನೋಡಿ.

"ಸೀಲ್ ಒಡದೀರಲ್ರೀ, ಈಗ ಹೆಂಗ ವಾಪಸ್ ತಗೊಳ್ಳೂದು?"

ಒಡೆಯದೆ ಒಳಗೇನಿದೆ ಅಂತ ಹೇಗೆ ಗೊತ್ತಾಗಬೇಕ್ರಿ ಅಂದೆ.

"ಫಾರ್ಮ್‌ನ್ಯಾಗ ನೋಡ್ರಿ. ಇಂಗ್ಲಿಷ್ ಡಿಕ್ಷನರಿ ಅಂತ ಐತಿ. ಇದು ಇಂಗ್ಲಿಷ್ ಡಿಕ್ಷನರಿ ಹೌದಲ್ಲೋ?"

295ರ ಮೇಲೆ ಸ್ಟಿಕರ್ ಯಾಕೆ ಅಂಟಿಸಿದ್ದೀರಿ ಅಂತ ಕೇಳಿದೆ. "ಅದು ಹಳೇ ರೇಟ್ ರೀ. ಈಗ ಪೇಪರ್ ರೇಟ್ ಎಷ್ಟಾಗೇತಿ ಗೊತ್ತೈತೇನ್ರಿ?" ಹಳೆಯದಾದರೆ ಲೇಟೆಸ್ಟ್ ಎಡಿಶನ್ ಹೇಗಾಯಿತು? "ನಮಗ ಮೊನ್ನೆ ಬಂದೈತ್ರಿ. ಲೇಟೆಸ್ಟ್ ಅಲ್ಲೇನ್ರಿ ಮತ್ತ?"

ಕೊನೆಗೆ ಒಂದು ಮಾತು ಅಂದರು, ಅದು ಇನ್ನೂ ಚುಚ್ಚುತ್ತಿದೆ. "ಇಂಗ್ಲಿಷ್ ಟೀಚರ್ ಅದೀರಿ, ನಿಮಗ ಗೊತ್ತಾಗಬೇಕಿತ್ತಲ್ರಿ." ಮಾದರಿ ತೋರಿಸಿದ ಮೇಲೆ ಅದೇ ಬರುತ್ತದೆ ಅಂತ ನಂಬುವುದು ವ್ಯವಹಾರದ ರೀತಿ. ಸೀರೆ ಅಂಗಡಿಯಲ್ಲೂ ಅಷ್ಟೇ, ಪುಸ್ತಕದಲ್ಲೂ ಅಷ್ಟೇ. ಇಂಗ್ಲಿಷ್ ಬರುವುದಕ್ಕೂ ಇದಕ್ಕೂ ಏನು ಸಂಬಂಧ?

ನೀವು ಡಿಕ್ಷನರಿ ತಗೊಳ್ಳುವುದಾದರೆ ಸುಭಾಸ ರಸ್ತೆಯ ಯಾವುದಾದರೂ ಪುಸ್ತಕದಂಗಡಿಗೆ ಹೋಗಿ, ನಿಂತುಕೊಂಡೇ ಬಿಚ್ಚಿ ನೋಡಿ. ವರ್ಷ, ಆವೃತ್ತಿ, ಪ್ರಕಾಶಕರು ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ಬೆಲೆ ಮೇಲೆ ಸ್ಟಿಕರ್ ಇದ್ದರೆ ಕಿತ್ತು ನೋಡಿ, ನಾಚಿಕೆ ಬೇಡ. ಬರೆಯುವವರಿಗೆ ಥೆಸಾರಸ್‌ಗಿಂತ ಕಲೊಕೇಶನ್ ಡಿಕ್ಷನರಿ ಜಾಸ್ತಿ ಉಪಯೋಗ, ಯಾವ ಪದದ ಜೊತೆ ಯಾವುದು ಹೊಂದುತ್ತದೆ ಅಂತ ಅದರಲ್ಲಿರುತ್ತದೆ. ದುಡ್ಡಿಲ್ಲ ಅಂದರೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಲರ್ನರ್ಸ್ ಡಿಕ್ಷನರಿಗಳು ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ, ಉಚ್ಚಾರ ಸಮೇತ. ಅಕ್ಕನ ಮಗ ಈಗ ಅದನ್ನೇ ನೋಡುತ್ತಾನೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಫೀ ಇಲ್ಲ. ಸ್ಟಿಕರ್ ಕಿತ್ತ ಪುಸ್ತಕದ ಫೋಟೋ, ಫಾರ್ಮಿನ ಕಾರ್ಬನ್ ಕಾಪಿ ಎಲ್ಲ ಇಟ್ಟುಕೊಂಡಿದ್ದೇನೆ. ಬಾಕಿ ಕಂತು ಕೊಡುವುದಿಲ್ಲ ಅಂತ ಹೇಳಿಯಾಗಿದೆ. ಆ ಆಫೀಸಿನವರು ನಮ್ಮ ಹೆಡ್ ಮಾಸ್ತರಿಗೆ ಫೋನ್ ಮಾಡಿ ನನ್ನ ಮೇಲೆ ಕಂಪ್ಲೇಂಟ್ ಹೇಳಿದರಂತೆ. ಹೇಳಲಿ.

ಗದಗಿನಲ್ಲಿ ಟೀಚರ್ ಆಗಿರುವ ತಂಗಿ ನಿನ್ನೆ ಫೋನ್ ಮಾಡಿದ್ದಳು. ಅವರ ಶಾಲೆಗೂ ಇದೇ ಸೆಟ್ ಬಂದಿದೆ, ತೋರಿಸಿದ್ದು ಆಕ್ಸ್‌ಫರ್ಡ್ ಅಂತೆ, ರೇಟು 2,800 ಆಗಿದೆ. ಅಲ್ಲಿ ಆರ್ಡರ್ ಕೊಟ್ಟವರು ಪೆಟ್ಟಿಗೆ ತಂದವನನ್ನು ಕೂರಿಸಿಕೊಂಡು, ಅವನ ಎದುರಿಗೇ ಸೀಲ್ ಬಿಚ್ಚಿ, ಆಮೇಲೆ ಸಹಿ ಹಾಕಿ.