ಮೂರು ವರ್ಷ ಟ್ರೆಟಿನಾಯಿನ್, ದಿನಾಲೂ ಸನ್‌ಸ್ಕ್ರೀನ್: ನನ್ನ ಅನುಭವ

ನನಗೀಗ 49 ನಡೆದಿದೆ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ನೌಕರಿ. ಮೂರು ವರ್ಷ ನಾಲ್ಕು ತಿಂಗಳಿಂದ ರಾತ್ರಿ ಸುಕ್ಕು, ಕಲೆಗೆಂದು ಡಾಕ್ಟರ್ ಕೊಟ್ಟ ಟ್ರೆಟಿನಾಯಿನ್ ಶೇ. 0.025ರ ಕ್ರೀಮು, ಬೆಳಿಗ್ಗೆ ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಹಚ್ಚುತ್ತಿದ್ದೇನೆ. ನಡುವೆ ವಿಟಮಿನ್ ಸಿ, ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ), ಕೊಲಾಜನ್ ಕ್ರೀಮು ಎಲ್ಲವೂ ಬಂದುಹೋದವು. ಆಫೀಸಿನ ಗೆಳತಿಯರು, ನಾದಿನಿಯರು "ಮಾರಿಗೆ ಏನ್ ಹಚ್ಚತೀರಿ, ನಮಗೂ ಹೇಳ್ರಿ" ಅಂತ ಕೇಳುತ್ತಲೇ ಇರುತ್ತಾರೆ. ಎರಡು ಮಾತಿನಲ್ಲಿ ಹೇಳಿದರೆ ತಪ್ಪು ತಿಳಿದು ಮುಖ ಸುಟ್ಟುಕೊಂಡಾರು ಎಂಬ ಹೆದರಿಕೆಯಿಂದ ಪೂರ್ತಿ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ನನ್ನ ಎಡಗೆನ್ನೆಯಿಂದ. ಪಾಸ್‌ಪೋರ್ಟಿಗೆಂದು ಫೋಟೊ ತೆಗೆಸಲು ಹೋಗಿದ್ದೆ. ಸ್ಟುಡಿಯೋದ ಹುಡುಗ ಕಂಪ್ಯೂಟರಿನಲ್ಲಿ ನನ್ನ ಮುಖ ದೊಡ್ಡದು ಮಾಡಿ, "ಅಕ್ಕಾರ, ಈ ಕಡೆ ಕಲಿ ಭಾಳ ಅದಾವು, ತೆಗೀಲೇನ್ರಿ?" ಅಂದ. ಬಲಗೆನ್ನೆ ಹೆಚ್ಚುಕಡಿಮೆ ನಯವಾಗಿತ್ತು. ಎಡಗಡೆ ಮಾತ್ರ ಕಾಫಿಪುಡಿ ಉದುರಿಸಿದ ಹಾಗೆ ಬಂಗು, ಕಣ್ಣಿನ ಮೂಲೆಯಲ್ಲಿ ಎರಡು ಪಟ್ಟು ಗೆರೆ. ಒಂದೇ ಮುಖದ ಎರಡು ಬದಿಗೆ ಎರಡು ವಯಸ್ಸು ಹೇಗೆ ಬಂತು?

ಉತ್ತರ ಹೇಳಿದವರು ಚರ್ಮದ ಡಾಕ್ಟರ್. ನಾನು ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವವಳು, ಎಡಗಡೆಯ ಕಿಟಕಿ ಸೀಟು ಸಿಕ್ಕರೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಹುಬ್ಬಳ್ಳಿಗೆ ಹೊರಟಾಗ ಬಿಸಿಲು ಎಡಕ್ಕೆ. ಸಂಜೆ ಧಾರವಾಡಕ್ಕೆ ಮರಳುವಾಗ ಬಸ್ಸೂ ತಿರುಗಿರುತ್ತದೆ, ಸೂರ್ಯನೂ ಪಡುವಣಕ್ಕೆ ಬಂದಿರುತ್ತಾನೆ, ಮತ್ತೆ ಎಡಕ್ಕೇ ಬಿಸಿಲು. ಎ.ಸಿ. ಬಸ್ಸು, ಗಾಜು ಮುಚ್ಚಿರುತ್ತದೆ, ಬಿಸಿಲೇನು ಮಾಡೀತು ಎಂದುಕೊಂಡಿದ್ದೆ. ಗಾಜು ತಡೆಯುವುದು ಮುಖ್ಯವಾಗಿ ಚರ್ಮ ಕೆಂಪಾಗಿಸುವ ಯುವಿ-ಬಿ ಕಿರಣಗಳನ್ನು. ಒಳಗಿನ ಪದರಕ್ಕೆ ಇಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನನ್ನು ಕಡಿಯುವ ಯುವಿ-ಎ ಬಹಳಷ್ಟು ಒಳಗೆ ಬಂದೇ ಬರುತ್ತದೆ. 2012ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫೋಟೊವೊಂದನ್ನು ಡಾಕ್ಟರ್ ತೋರಿಸಿದರು. 28 ವರ್ಷ ಟ್ರಕ್ ಓಡಿಸಿದ 69ರ ಒಬ್ಬ ಚಾಲಕರದು. ಕಿಟಕಿ ಕಡೆಯ ಅರ್ಧ ಮುಖ ಜೋತುಬಿದ್ದು ಆಳವಾಗಿ ನೆರಿಗೆಗಟ್ಟಿದೆ, ಇನ್ನರ್ಧ ಎಷ್ಟೋ ವರ್ಷ ಚಿಕ್ಕವರದೆಂಬಂತೆ ಇದೆ. ಆ ಫೋಟೊ ನೋಡಿದ ದಿನವೇ ನಾನು ಸನ್‌ಸ್ಕ್ರೀನ್ ಕೊಂಡೆ.

ಆದರೆ ಅದೇ ದಿನ ಟ್ರೆಟಿನಾಯಿನ್ ಕೊಡಲಿಲ್ಲ. ಅದಕ್ಕೆ ಮುಂಚೆ ನಾನು ಮಾಡಿಕೊಂಡಿದ್ದ ಒಂದು ಅನಾಹುತ ಸರಿಯಾಗಬೇಕಿತ್ತು. ಬ್ಯೂಟಿ ಪಾರ್ಲರೊಂದರಲ್ಲಿ ಬಂಗಿಗೆಂದು ಒಂದು ನೈಟ್ ಕ್ರೀಮು ಕೊಟ್ಟಿದ್ದರು. ಹದಿನೈದೇ ದಿನದಲ್ಲಿ ಮುಖ ಬೆಳ್ಳಗಾಗಿ ಹೊಳೆಯಿತು, ಓಣಿಯವರೆಲ್ಲ ಕೇಳಿದರು. ನಾಲ್ಕು ತಿಂಗಳು ಹಚ್ಚಿದೆ. ಬಿಟ್ಟ ವಾರಕ್ಕೇ ಉರಿ, ಕೆಂಪು, ಗುಳ್ಳೆ. ಗದ್ದದ ಮೇಲೆ ಸಣ್ಣ ಕೂದಲು. ಬಂಗು ಮೊದಲಿಗಿಂತ ಕಪ್ಪಾಗಿ ಮರಳಿತು. ಟ್ಯೂಬು ತೋರಿಸಿದಾಗ ಡಾಕ್ಟರ್ ಒಂದು ಹೆಸರಿನ ಕೆಳಗೆ ಉಗುರಿನಿಂದ ಗೆರೆ ಎಳೆದರು: ಮೊಮೆಟಾಸೋನ್. ಸ್ಟೀರಾಯ್ಡ್. "ಅಕ್ಕಾರ, ಇದು ಮಾರಿಗೆ ತಿಂಗಳಾನುಗಟ್ಟಲೆ ಹಚ್ಚೋದಲ್ಲರಿ." ಇಂಥ ಕ್ರೀಮುಗಳಿಂದ ಚರ್ಮ ತೆಳುವಾಗಿ ಹಾಳಾಗುವುದು ನಮ್ಮ ದೇಶದಲ್ಲಿ ಎಷ್ಟು ಸಾಮಾನ್ಯವೆಂದರೆ, 'ಸ್ಟೀರಾಯ್ಡಿನಿಂದ ಹಾಳಾದ ಮುಖ' ಎಂದು ಭಾರತದ ಚರ್ಮವೈದ್ಯರೇ ಅದಕ್ಕೊಂದು ಹೆಸರು ಕೊಟ್ಟಿದ್ದಾರೆ. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೂ ಕೈಗೆ ಸಿಗುತ್ತವೆ. ಹೆಸರಿನ ಕೊನೆಗೆ 'ಸೋನ್', 'ಸಾಲ್' ಎಂದಿದ್ದರೆ, ದಯವಿಟ್ಟು, ಡಾಕ್ಟರನ್ನು ಕೇಳದೆ ಮುಖಕ್ಕೆ ಮುಟ್ಟಿಸಬೇಡಿ. ನನ್ನ ಚರ್ಮ ಒಂದು ಹದಕ್ಕೆ ಬರಲು ಆರು ತಿಂಗಳು ಹಿಡಿಯಿತು.

ಆ ಆರು ತಿಂಗಳು ಬರೀ ಸನ್‌ಸ್ಕ್ರೀನ್ ಮತ್ತು ಸಾದಾ ಮಾಯಿಶ್ಚರೈಸರ್. ನನ್ನ ಮೊದಲ 50 ಗ್ರಾಂ ಟ್ಯೂಬು ಐದು ತಿಂಗಳು ಬಂತು ಎಂದು ಹೆಮ್ಮೆಯಿಂದ ಹೇಳಿದೆ. ಅಂದರೆ ಹಚ್ಚಿಯೇ ಇಲ್ಲ ಎಂದರು ಡಾಕ್ಟರ್. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು ಪರೀಕ್ಷಿಸುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖ, ಕುತ್ತಿಗೆಗೆ ಲೆಕ್ಕ ಹಾಕಿದರೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದ ಗೆರೆಯಷ್ಟು ಬೇಕು. ಈಗ ನನಗೆ ಒಂದು ಟ್ಯೂಬು ಒಂದೂವರೆ ತಿಂಗಳಿಗೇ ಮುಗಿಯುತ್ತದೆ. ಎಸ್‌ಪಿಎಫ್ 30 ಯುವಿ-ಬಿಯ ಶೇ. 97ರಷ್ಟು ತಡೆದರೆ 50 ತಡೆಯುವುದು ಶೇ. 98, ವ್ಯತ್ಯಾಸ ಬರೀ ಒಂದು. ಹಾಗಾಗಿ ದುಬಾರಿ 50 ಕೊಂಡು ಉಗುರಿನಷ್ಟು ಸವರುವುದಕ್ಕಿಂತ ಅಗ್ಗದ 30 ಧಾರಾಳವಾಗಿ ಹಚ್ಚುವುದು ಮೇಲು. ಯುವಿ-ಎಗೆ ಬೇರೆ ಗುರುತು ನೋಡಬೇಕು, ಪಿಎ ಅಕ್ಷರದ ಮುಂದಿನ ಪ್ಲಸ್‌ಗಳು. ಬಂಗು ಇರುವವರಿಗೆ ಇನ್ನೊಂದು ಮಾತು: ಕಣ್ಣಿಗೆ ಕಾಣುವ ಬೆಳಕೂ ಅದನ್ನು ಕಪ್ಪಾಗಿಸುತ್ತದೆ. ಅದಕ್ಕೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ನಾನು ಎರಡನೇ ವರ್ಷ ಅದಕ್ಕೆ ಬದಲಾಯಿಸಿದೆ. ಬಂಗು ನಿಜವಾಗಿ ತಿಳಿಯಾದದ್ದು ಆಮೇಲೆಯೇ.

ಆಸ್ಟ್ರೇಲಿಯಾದ ನಾಂಬೂರ್ ಎಂಬ ಊರಿನಲ್ಲಿ 55 ವರ್ಷದೊಳಗಿನ 903 ಜನರ ಮೇಲೆ ನಾಲ್ಕೂವರೆ ವರ್ಷ ಪರೀಕ್ಷೆ ನಡೆಯಿತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು, ಮನಸ್ಸಿಗೆ ಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆ ಇತ್ತು. ನಾನು ಕೊಂಡ ಯಾವ ಸೀರಮ್ಮಿನ ಹಿಂದೆಯೂ ಇಷ್ಟು ಗಟ್ಟಿ ಪುರಾವೆ ಇಲ್ಲ. ಕೈಯಲ್ಲಿ ಒಂದಕ್ಕೇ ದುಡ್ಡಿದೆ ಅನ್ನುವವರು ಇದನ್ನೇ ಕೊಳ್ಳಿ.

ಇನ್ನು ಟ್ರೆಟಿನಾಯಿನ್. ಇದು ವಿಟಮಿನ್ ಎ ಮನೆತನದ್ದು. ಅಮೆರಿಕದಲ್ಲಿ 1971ರಲ್ಲಿ ಮೊಡವೆಗೆ ಒಪ್ಪಿಗೆ ಪಡೆದ ಔಷಧಿ. ಮೊಡವೆಗೆ ಹಚ್ಚುತ್ತಿದ್ದ ನಡುವಯಸ್ಸಿನ ಹೆಂಗಸರು ಸುಕ್ಕೂ ಕಡಿಮೆಯಾಗಿದೆ ಎಂದದ್ದನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಗಮನಿಸಿ, ಪರೀಕ್ಷೆ ಮಾಡಿ 1986ರಲ್ಲಿ ಪ್ರಕಟಿಸಿದರು. 1995ರಲ್ಲಿ ಸುಕ್ಕಿಗೆಂದೇ ಒಂದು ಕ್ರೀಮಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು.

ಅಂಗಡಿಯಲ್ಲಿ ಸಿಗುವ ರೆಟಿನಾಲ್‌ಗೂ ಇದಕ್ಕೂ ಏನು ಸಂಬಂಧ ಎಂದು ಎಲ್ಲರೂ ಕೇಳುತ್ತಾರೆ. ನಾನು ಹೇಳುವುದು ಹೀಗೆ. ಚರ್ಮಕ್ಕೆ ಬೇಕಾದದ್ದು ತುಪ್ಪ. ರೆಟಿನೈಲ್ ಪಾಲ್ಮಿಟೇಟ್ ಹಾಲು, ರೆಟಿನಾಲ್ ಮೊಸರು, ರೆಟಿನಾಲ್ಡಿಹೈಡ್ ಬೆಣ್ಣೆ, ರೆಟಿನಾಯಿಕ್ ಆಮ್ಲ ಅಂದರೆ ಟ್ರೆಟಿನಾಯಿನ್ ತುಪ್ಪ. ಹಾಲು ಹಚ್ಚಿದರೆ ಚರ್ಮವೇ ಹೆಪ್ಪು ಹಾಕಿ, ಕಡೆದು, ಕಾಸಿಕೊಳ್ಳಬೇಕು. ಪ್ರತಿ ಹಂತದಲ್ಲೂ ಒಂದಿಷ್ಟು ಕಡಿಮೆಯಾಗುತ್ತದೆ. ಅದಕ್ಕೇ ಪಾಲ್ಮಿಟೇಟ್ ಮೃದು ಆದರೆ ದುರ್ಬಲ, ಟ್ರೆಟಿನಾಯಿನ್ ಬಲವಾದದ್ದು ಆದರೆ ಉರಿ ಜಾಸ್ತಿ. ತುಪ್ಪ ಅರಗದವರು ಮೊಸರಿನಿಂದ ಶುರು ಮಾಡುವುದು ತಪ್ಪೇನಲ್ಲ.

ನನ್ನ ಮೊದಲ ಎರಡು ತಿಂಗಳು ಕಷ್ಟದವು. ವಾರಕ್ಕೆ ಎರಡು ರಾತ್ರಿ ಎಂದು ಹೇಳಿದ್ದರೂ ಬೇಗ ಗುಣ ಕಾಣಲಿ ಎಂದು ದಿನಾ ಹಚ್ಚಿದೆ. ಹತ್ತನೇ ದಿನಕ್ಕೆ ಮೂಗಿನ ಪಕ್ಕ, ತುಟಿಯ ಮೂಲೆಯಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಪದರ ಎದ್ದಿತು. ಅದೇ ವಾರ ಅಣ್ಣನ ಮಗಳ ಮದುವೆ. ಅರಿಷಿಣ ಹಚ್ಚುವಾಗ ಅತ್ತಿಗೆ ಪ್ರೀತಿಯಿಂದ ನನ್ನ ಎರಡೂ ಗಲ್ಲಕ್ಕೆ ಬಳಿದರು. ಖಾರದ ಕೈ ಕಣ್ಣಿಗೆ ಬಿದ್ದಂಥ ಉರಿ. ಹಿತ್ತಲಿಗೆ ಓಡಿ ನಳದ ನೀರಿನ ಕೆಳಗೆ ಮುಖ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ. ಮೇಲ್ದುಟಿಗೆ ವ್ಯಾಕ್ಸ್ ಮಾಡಿಸುವವರಂತೂ ಕೆಲವು ದಿನ ಮುಂಚೆಯೇ ಕ್ರೀಮು ನಿಲ್ಲಿಸಬೇಕು, ಇಲ್ಲದಿದ್ದರೆ ಕೂದಲ ಜೊತೆ ಚರ್ಮವೂ ಕಿತ್ತು ಬರುತ್ತದೆ.

ಆಮೇಲೆ ಹೇಳಿದ ಹಾಗೆ ಕೇಳಿದೆ. ಮುಖ ತೊಳೆದು ಪೂರ್ತಿ ಒಣಗಲು ಇಪ್ಪತ್ತು ನಿಮಿಷ ಬಿಡುವುದು, ತೆಳ್ಳಗೆ ಮಾಯಿಶ್ಚರೈಸರ್, ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು ಕ್ರೀಮು, ಮತ್ತೆ ಮಾಯಿಶ್ಚರೈಸರ್. ಮೂಗಿನ ಪಕ್ಕಕ್ಕೆ, ತುಟಿಯ ಅಂಚಿಗೆ ಮೊದಲೇ ವ್ಯಾಸಲೀನ್. ಮೂರನೇ ತಿಂಗಳಿಗೆ ಉರಿ ನಿಂತಿತು. ಈಗ ದಿನ ಬಿಟ್ಟು ದಿನ. 20 ಗ್ರಾಂ ಟ್ಯೂಬು ನಾಲ್ಕು ತಿಂಗಳು ದಾಟುತ್ತದೆ, ಮುನ್ನೂರು ರೂಪಾಯಿ ಒಳಗೇ ಆಗುತ್ತದೆ. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಇದನ್ನೂ, ರೆಟಿನಾಲ್ ಅನ್ನೂ ಮುಟ್ಟಬಾರದು.

ಫಲ? ಆರು ತಿಂಗಳವರೆಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ, ಕೈಗೆ ಮುಖ ನಯ ಅನಿಸುತ್ತಿತ್ತು ಅಷ್ಟೆ. ಒಂದು ವರ್ಷಕ್ಕೆ ಕಣ್ಣಿನ ಕೆಳಗಿನ ಸಣ್ಣ ಗೆರೆಗಳು ಸಡಿಲಾದವು. ಎರಡನೇ ವರ್ಷದ ಕೊನೆಗೆ ಎಡಗೆನ್ನೆಯನ್ನು ಬಲಗೆನ್ನೆಯ ಪಕ್ಕ ಇಟ್ಟು ನೋಡುವ ಧೈರ್ಯ ಬಂತು. ನಕ್ಕಾಗ ಬೀಳುವ ಆಳದ ಗೆರೆ ಹಾಗೇ ಇದೆ. ದವಡೆಯ ಕೆಳಗೆ ಜೋತುಬಿದ್ದದ್ದು ಕೂದಲೆಳೆಯಷ್ಟೂ ಮೇಲೇರಿಲ್ಲ, ಅದು ಕ್ರೀಮಿನ ಕೆಲಸವಲ್ಲ. ಕುತ್ತಿಗೆಗೆ ಹಚ್ಚಿದಾಗಲೆಲ್ಲ ತುರಿಕೆ ಎದ್ದದ್ದರಿಂದ ಬಿಟ್ಟೆ. ಕಳೆದ ವರ್ಷ ಮುಟ್ಟು ನಿಂತಿತು. ಆ ಬಳಿಕದ ಐದು ವರ್ಷದಲ್ಲಿ ಚರ್ಮದ ಕೊಲಾಜನ್ ಸುಮಾರು ಶೇ. 30ರಷ್ಟು ಹೋಗುತ್ತದಂತೆ. ನನಗೂ ಚರ್ಮ ಒಣಗುವುದು ಜಾಸ್ತಿಯಾಗಿದೆ. ಇಂಥ ಹೊತ್ತಿನಲ್ಲಿ ಇದ್ದದ್ದು ಇದ್ದ ಹಾಗೆ ಉಳಿದರೂ ನನಗೆ ಅದು ಗೆಲುವೇ.

ಉಳಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ನಯಾಸಿನಮೈಡ್ ಶೇ. 5 ನನಗೆ ಹಿಡಿಸಿತು, ಶೇ. 10 ಚುರುಚುರು ಎಂದಿತು, ಹೆಚ್ಚಿನ ಗುಣವೇನೂ ಕಾಣಲಿಲ್ಲ. ವಿಟಮಿನ್ ಸಿ ಒಳ್ಳೆಯದೇ, ಆದರೆ ಬಲು ನಾಜೂಕು. ಎಲ್-ಆಸ್ಕಾರ್ಬಿಕ್ ಆಮ್ಲ ಚರ್ಮದೊಳಗೆ ಇಳಿಯಲು ಸೀರಮ್ಮಿನ ಪಿಎಚ್ (ಹುಳಿಯ ಅಳತೆ) 3.5ಕ್ಕಿಂತ ಕಡಿಮೆ ಇರಬೇಕು, ಗಾಳಿ ಬೆಳಕು ತಾಗಿದರೆ ಹೆಚ್ಚಿಟ್ಟ ಬದನೆಕಾಯಿಯ ಹಾಗೆ ಕಪ್ಪಾಗುತ್ತದೆ. ನನ್ನ ಬಾಟಲಿ ಫ್ರಿಜ್ಜಿನಲ್ಲಿಟ್ಟರೂ ಎರಡೂವರೆ ತಿಂಗಳಿಗೆ ಚಹಾದ ಡಿಕಾಕ್ಷನ್ ಬಣ್ಣಕ್ಕೆ ಬಂತು, ಚೆಲ್ಲಿದೆ. ಮತ್ತೆ ಕೊಂಡಿಲ್ಲ.

ಬಾಕುಚಿಯೋಲ್ ನಮ್ಮ ಬಾವಂಚಿ ಬೀಜದಿಂದ ತೆಗೆದದ್ದು. 44 ಜನರ ಮೇಲೆ 12 ವಾರ ನಡೆದ ಒಂದು ಪರೀಕ್ಷೆಯಲ್ಲಿ ರೆಟಿನಾಲ್‌ಗೆ ಸರಿಸಮ ಬಂತು, ಉರಿಯೂ ಕಡಿಮೆ. ಆದರೆ ಅದು ಸಣ್ಣ ಪರೀಕ್ಷೆ. ನಮ್ಮೂರಿನದೇ ಗಿಡ ಎಂದು ಬಾವಂಚಿ ಪುಡಿ ಅರೆದು ಮುಖಕ್ಕೆ ಹಚ್ಚುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ಹಸಿ ಬೀಜದಲ್ಲಿ ಸೋರಾಲೆನ್ ಇರುತ್ತದೆ, ಬಿಸಿಲು ಬಿದ್ದರೆ ಚರ್ಮ ಬೊಕ್ಕೆ ಏಳುತ್ತದೆ. ತೊನ್ನಿಗೆ ವೈದ್ಯರು ಕೊಡುವುದು ಆ ಗುಣಕ್ಕೇ.

ನನಗೆ ನಿಜವಾಗಿ ಬೇಸರ ತಂದದ್ದು ಕೊಲಾಜನ್ ಕ್ರೀಮು, 1,800 ರೂಪಾಯಿ. ಚರ್ಮದ ಮೇಲ್ಪದರ ದಾಟಲು ಅಣುವಿನ ತೂಕ ಸುಮಾರು 500 ಡಾಲ್ಟನ್ ಒಳಗಿರಬೇಕು. ರೆಟಿನಾಲ್ 286. ಕೊಲಾಜನ್ ಸುಮಾರು ಮೂರು ಲಕ್ಷ. ಸೂಜಿಯ ಕಣ್ಣಿನಲ್ಲಿ ಹಗ್ಗ ಪೋಣಿಸಲಾದೀತೇ? ಮೇಲೆ ಕೂತು ತೇವ ಹಿಡಿಯುತ್ತದೆ, ಆ ಕೆಲಸ ಸಾದಾ ಗ್ಲಿಸರಿನ್ ಕೂಡ ಮಾಡುತ್ತದೆ. ಅಷ್ಟಕ್ಕೂ, ಡಬ್ಬಿಯ ಹಿಂದೆ ಏನೇನು ಹಾಕಿದ್ದಾರೆ ಎಂದು ಬರೆದಿರುವ ಪಟ್ಟಿ ಓದಿದ್ದರೆ ದುಡ್ಡು ಉಳಿಯುತ್ತಿತ್ತು. ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು ಬರುತ್ತದೆ, ಶೇ. 1ಕ್ಕಿಂತ ಕಡಿಮೆ ಇರುವವು ಯಾವ ಕ್ರಮದಲ್ಲಾದರೂ ಇರಬಹುದು. ಕೆಡದಂತೆ ಹಾಕುವ ಫಿನಾಕ್ಸಿಎಥನಾಲ್ ಸಾಮಾನ್ಯವಾಗಿ ಶೇ. 1 ಮೀರುವುದಿಲ್ಲ. ನಾನು ಮೊದಲು ಅದನ್ನು ಹುಡುಕುತ್ತೇನೆ, ಅದರ ನಂತರ ಬಂದದ್ದು ಶೇ. 1ರ ಒಳಗೇ ಎಂದು ಲೆಕ್ಕ. ಆ ಕ್ರೀಮಿನಲ್ಲಿ ಕೊಲಾಜನ್ ಅದರ ನಂತರ, ಸುವಾಸನೆಗೂ ಕೆಳಗೆ ಇತ್ತು. ಆದರೆ ಅಲ್ಪ ಪ್ರಮಾಣದಲ್ಲೇ ಕೆಲಸ ಮಾಡುವ ರೆಟಿನಾಲ್‌ನಂಥವು ಕೆಳಗಿದ್ದರೆ ಗಾಬರಿ ಬೇಡ, ಅವುಗಳಿಗೆ ಶೇಕಡಾವಾರು ಬರೆದಿದ್ದಾರೆಯೇ ನೋಡಿ.

ಮಗಳಿಗೆ 23, "ಅವ್ವಾ, ನಾನೂ ರೆಟಿನಾಲ್ ಹಚ್ಚಲೇನು?" ಎನ್ನುತ್ತಾಳೆ. ಸದ್ಯ ಅವಳ ಕೈಗೆ ಸನ್‌ಸ್ಕ್ರೀನ್ ಒಂದನ್ನೇ ಕೊಟ್ಟಿದ್ದೇನೆ. ನಾನು ಚಿಗರಿಯಲ್ಲಿ ಈಗ ಬಲಗಡೆ ಕೂರುತ್ತೇನೆ, ಬಲಗಡೆ ಸಿಗದಿದ್ದರೆ ಎಡಗಡೆ ಸೆರಗು ಎಳೆದುಕೊಂಡು. ಹತ್ತನೇ ಟ್ಯೂಬು ಅರ್ಧ ಆಗಿದೆ. ಶೇ. 0.05ಕ್ಕೆ ಏರುವುದೋ ಇದರಲ್ಲೇ ಇರುವುದೋ, ದೀಪಾವಳಿ ಮುಗಿದ ಮೇಲೆ ಡಾಕ್ಟರನ್ನು ಕೇಳಬೇಕು.