ಕೌಲ್‌ಬಜಾರಿನ ಜೀನ್ಸು, ಉಯೆದಾದ ಚಳಿ

ಬಳ್ಳಾರಿಯಲ್ಲಿ ಜೀನ್ಸ್ ಕೊಳ್ಳೋದು ಸುಲಭ, ಅಳತೆ ಕೊಟ್ಟು ಹೊಲಿಸೋದು ಕಷ್ಟ. ಓಣಿ ಓಣಿಯಲ್ಲಿ ಮಷಿನ್ ಓಡುತ್ತವೆ ನಿಜ, ಆದರೆ ಓಡೋದೆಲ್ಲ ಜಾಬ್‌ವರ್ಕಿಗೆ. ಕಟಿಂಗ್ ಒಂದು ಮನೆಯಲ್ಲಿ, ಜೇಬು ಇನ್ನೊಂದು ಮನೆಯಲ್ಲಿ, ಕಾಜ ಬಟನ್ನು ಮತ್ತೆಲ್ಲೋ. ನೂರು ಪೀಸಿನ ಕಟ್ಟು ತಂದವರ ಜೊತೆ ಮಾತಾಡುತ್ತಾರೆ. ಒಂದೇ ಪೀಸು, ಅದೂ ಹುಡುಗಿಯ ಪ್ಯಾಂಟು ಅಂದರೆ "ರೆಡಿಮೇಡ್ ತಗೊಂಬಿಡಮ್ಮಾ" ಅಂತ ಕಳಿಸಿಬಿಡುತ್ತಾರೆ. ಹಾಗೆ ಕಳಿಸದ ಒಂದು ಅಂಗಡಿ ಕೌಲ್‌ಬಜಾರಿನಲ್ಲಿ ಸಿಕ್ಕಿತು. ಬೋರ್ಡಿಲ್ಲ. ಒಂದು ಕಟಿಂಗ್ ಟೇಬಲ್, ಮೂರು ಮಷಿನ್, ಗೋಡೆಗೆ ಒರಗಿಸಿದ ಬಟ್ಟೆಯ ರೋಲುಗಳು, ಒಬ್ಬ ಮಾಸ್ಟರ್ರು, ಅವರ ಮಗ. ಅಲ್ಲಿ ಹೊಲಿಸಿದ ಜೀನ್ಸ್ ಹೇಗಿದೆ ಅಂತ ಹೇಳೋದು ಈ ಬರಹದ ಕೆಲಸ. ಆದರೆ ಅದನ್ನು ಯಾವ ಊರಿಗೆ ಹೊಲಿಸಿದೆ ಅನ್ನೋದನ್ನು ಬಿಟ್ಟು ಹೇಳಿದರೆ ಅರ್ಧ ತೀರ್ಪು ತಪ್ಪುತ್ತದೆ.

ನಾನು ದಾವಣಗೆರೆಯಲ್ಲಿ ಟೆಕ್ಸ್‌ಟೈಲ್ ಎಂಜಿನಿಯರಿಂಗ್ ಓದಿದವಳು. ಅಕ್ಟೋಬರಿಗೆ ಜಪಾನಿನ ಶಿನ್ಶು ವಿಶ್ವವಿದ್ಯಾಲಯಕ್ಕೆ ಮಾಸ್ಟರ್ಸ್ ಓದಲು ಹೊರಟಿದ್ದೇನೆ. ಅದರ ಜವಳಿ ಫ್ಯಾಕಲ್ಟಿ ಇರೋದು ನಾಗಾನೊ ಪ್ರಾಂತ್ಯದ ಉಯೆದಾ ಅನ್ನೋ ಊರಲ್ಲಿ. 1910ರಲ್ಲಿ ರೇಷ್ಮೆ ಕಲಿಸುವ ಶಾಲೆಯಾಗಿ ಶುರುವಾದದ್ದು, ಇವತ್ತು ಜಪಾನಿನಲ್ಲಿ ಜವಳಿಗಂತಲೇ ಉಳಿದಿರುವ ಒಂದೇ ಫ್ಯಾಕಲ್ಟಿ. ಟೋಕಿಯೊದಿಂದ ಶಿಂಕಾನ್ಸೆನ್ ಬುಲೆಟ್ ರೈಲು ಹತ್ತಿದರೆ ಹತ್ತಿರ ಹತ್ತಿರ ಒಂದೂವರೆ ತಾಸು. ಅದೇ ಪ್ರಾಂತ್ಯದಲ್ಲಿ 1998ರ ಚಳಿಗಾಲದ ಒಲಿಂಪಿಕ್ಸ್ ನಡೆದಿತ್ತು ಅಂದರೆ ಚಳಿಯ ಅಂದಾಜು ಸಿಗುತ್ತದೆ. ಜನವರಿಯ ರಾತ್ರಿಗಳು ಸೊನ್ನೆಗಿಂತ ಕೆಳಗಿಳಿಯುತ್ತವೆ. ಏಪ್ರಿಲ್-ಮೇನಲ್ಲಿ 42 ಡಿಗ್ರಿ ಕಂಡು ಬೆಳೆದ ನನಗೆ ಇದು ಇನ್ನೂ ಕಾಗದದ ಮೇಲಿನ ಅಂಕಿ ಅಷ್ಟೇ. ನಮ್ಮ ಮಾವಂದಿರ ಕಣ್ಣಲ್ಲಂತೂ ಜಪಾನು ದೂರದ ದೇಶವೇ ಅಲ್ಲ. 2010ರಲ್ಲಿ ಜಪಾನಿನ ಉಕ್ಕಿನ ಕಂಪನಿ ಜೆಎಫ್‌ಇ, ನಮ್ಮ ತೋರಣಗಲ್ಲಿನಲ್ಲಿ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯೂ ಸ್ಟೀಲಿನಲ್ಲಿ ಪಾಲು ತಗೊಂಡಾಗಿನಿಂದ "ಜಪಾನ್ ತೋರಣಗಲ್ಲಿಗೇ ಬಂದೈತಲ್ಲಮ್ಮಾ, ನೀ ಯಾಕ ಅಲ್ಲಿಗೆ ಹೋಗ್ತಿ" ಅನ್ನುತ್ತಾರೆ.

ಮಾಸ್ಟರಿಗೆ ನಾನು ಇಟ್ಟ ಬೇಡಿಕೆ ನಾಲ್ಕು. ತೊಡೆ ಸಡಿಲ ಇರಬೇಕು, ಒಳಗೆ ಥರ್ಮಲ್ ಹಾಕಲು ಜಾಗ ಬೇಕು. ಮೊಣಕಾಲು ಮಡಚಿ ನೆಲದ ಮೇಲೆ ಕೂತರೆ ಹಿಂದೆ ಸೊಂಟ ಇಳಿಯಬಾರದು. ಜೇಬು ಜೇಬಿನ ಹಾಗಿರಬೇಕು. ಸ್ಟ್ರೆಚ್ ಬಟ್ಟೆ ಬೇಡ. ಮೊದಲನೆಯದನ್ನು ಕೇಳಿ ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಸುಮ್ಮನೆ ನಿಂತರು. "ಪ್ಯಾಂಟಿನೊಳಗೆ ಇನ್ನೊಂದು ಪ್ಯಾಂಟಾ?" ಮಗ ಮೊಬೈಲಿನಲ್ಲಿ ಉಯೆದಾದ ಹವಾಮಾನ ತೆಗೆದು ತೋರಿಸಿದ ಮೇಲೆ ತೊಡೆಗೆ ಒಂದೂವರೆ ಇಂಚು ಬಿಟ್ಟರು. ಎರಡನೆಯದನ್ನು ಕೇಳಿ ನಕ್ಕರು. "ಅದನ್ನ ನೀ ಹೇಳಬೇಕಾ ಅಮ್ಮಾ, ನಾವೇನು ಕುರ್ಚಿ ಮೇಲೆ ಕೂತು ಉಣ್ತೀವಾ?" ಅಂದವರೇ ಹಿಂದಿನ ರೈಸ್, ಅಂದರೆ ತೊಡೆಸಂದಿಯಿಂದ ಸೊಂಟದ ತನಕದ ಅಳತೆ, ಎತ್ತರ ಮಾಡಿ ಗುರುತು ಹಾಕಿದರು. ರೆಡಿಮೇಡ್ ಪ್ಯಾಂಟು ಯಾರೂ ನೆಲದ ಮೇಲೆ ಕೂರುವುದೇ ಇಲ್ಲ ಅಂತ ತಿಳಿದು ಕತ್ತರಿಸಿದ್ದು. ಇವರು ಕತ್ತರಿಸಿದ್ದು ಹಾಗಲ್ಲ.

ಜೇಬಿನ ಮಾತು ಸ್ವಲ್ಪ ಉದ್ದವಾಗಿ ಹೇಳಬೇಕು. ಹುಡುಗಿಯರ ಜೀನ್ಸಿನ ಮುಂದಿನ ಜೇಬಲ್ಲಿ ಎರಡು ಬೆರಳು ಹೋದರೆ ಪುಣ್ಯ, ಕೆಲವಕ್ಕೆ ಜೇಬಿನ ಬಾಯಿ ಹೊಲಿದು ಬರೀ ಗೆರೆ ಬಿಟ್ಟಿರುತ್ತಾರೆ. ಜಪಾನಿನಲ್ಲಿ ಓದಲು ಹೋದ ವಿದೇಶಿಯರು ನಿವಾಸ ಕಾರ್ಡನ್ನು ಯಾವಾಗಲೂ ಮೈಮೇಲೆ ಇಟ್ಟುಕೊಳ್ಳಬೇಕು, ಅದು ಕಾನೂನು. ಅದರ ಮೇಲೆ ಚಿಲ್ಲರೆ. ಅಲ್ಲಿ ನೋಟು ಶುರುವಾಗೋದೇ ಸಾವಿರ ಯೆನ್ನಿನಿಂದ, ಕೆಳಗಿರೋದೆಲ್ಲ ನಾಣ್ಯ: ಒಂದು, ಐದು, ಹತ್ತು, ಐವತ್ತು, ನೂರು, ಐನೂರು. ಜೀನ್ಸಿನ ಬಲಗಡೆ ದೊಡ್ಡ ಜೇಬಿನೊಳಗೆ ಇರುವ ಆ ಪುಟ್ಟ ಜೇಬು ನಮ್ಮಲ್ಲಿ ಬಸ್ ಟಿಕೆಟ್ ಕಳೆದುಹೋಗಲು ಇರುವ ಜಾಗ. ಅದಕ್ಕೆ ನಿಜವಾದ ಕೆಲಸ ಅಲ್ಲಿ ಸಿಗುತ್ತದೆ. ಐನೂರು ಯೆನ್ನಿನ ನಾಣ್ಯ 26.5 ಮಿಲಿಮೀಟರ್ ಅಗಲ, ನಮ್ಮ ಹತ್ತು ರೂಪಾಯಿ ನಾಣ್ಯ 27. ಹಾಗಾಗಿ ಗಲ್ಲಾದಿಂದ ಹತ್ತು ರೂಪಾಯಿ ನಾಣ್ಯಗಳನ್ನು ತೆಗೆಸಿ ಅಳತೆಗೆ ಇಟ್ಟೆವು. ಎರಡು ಬೆರಳು ಹಾಕಿ ನಾಣ್ಯ ಎತ್ತುವಷ್ಟು ಬಾಯಿ, ಕೂತಾಗ ಉದುರದಷ್ಟು ಆಳ. ಮಾಸ್ಟರ್ ಮಾಡಿದ್ದು ಅಚ್ಚುಕಟ್ಟಾಗಿದೆ. ಮುಂದಿನ ಜೇಬಲ್ಲಿ ನನ್ನ ಇಡೀ ಮೊಬೈಲ್ ಮುಳುಗುತ್ತದೆ. ಇದೊಂದಕ್ಕೇ ಈ ಅಂಗಡಿಗೆ ಅರ್ಧ ಮಾರ್ಕು ಹೆಚ್ಚು ಕೊಡುತ್ತೇನೆ.

ಹೊಲಿಗೆಗೆ ಬರೋಣ. ಒಳಕಾಲಿನ ಜೋಡಣೆ ಮಡಚಿದ ಹೊಲಿಗೆ. ಅದನ್ನು ಹೊಲಿಯುವ ಫೀಡ್‌ಆಫ್ ಮಷಿನ್ ಇವರಲ್ಲಿಲ್ಲ, ಎರಡು ಮನೆ ಆಚೆ ಹೋಗಿ ಹಾಕಿಸಿಕೊಂಡು ಬಂದರು. ಎರಡು ದಾರದ ಸಾಲು ತೊಡೆಸಂದಿಯಿಂದ ಪಾದದ ತನಕ ಎಲ್ಲೂ ಅಲುಗಿಲ್ಲ. ನಾಲ್ಕು ಕಡೆಯ ಬಟ್ಟೆ ಬಂದು ಸೇರುವ ಜಾಗದಲ್ಲಿ ಸೂಜಿ ಹಾರಿಲ್ಲ. ಬೆಲ್ಟ್ ಲೂಪಿಗೂ ಜೇಬಿನ ಮೂಲೆಗೂ ಬಾರ್‌ಟ್ಯಾಕ್ (ಕಿತ್ತುಬಾರದ ಹಾಗೆ ಒತ್ತೊತ್ತಾಗಿ ಹಾಕುವ ಹೊಲಿಗೆ) ಬಿಗಿಯಾಗಿದೆ. ಕಾಲೇಜಿನ ಲ್ಯಾಬಿನಲ್ಲಿ ಹೊಲಿಗೆ ಎಳೆದು ಕೀಳಿಸುವ ಪರೀಕ್ಷೆ ಮಾಡಿದ ಕೈ ನನ್ನದು, ಸುಮ್ಮನೆ ಹೊಗಳುತ್ತಿಲ್ಲ. ಜಿಪ್ಪಿಗೆ ಮಾತ್ರ ಚರ್ಚೆಯಾಯಿತು. ಮಾಮೂಲಿ ಜಿಪ್ಪಾ, ಒರಿಜಿನಲ್ ವೈಕೆಕೆಯಾ ಅಂತ ಕೇಳಿದರು. ಒರಿಜಿನಲ್ಲಿಗೆ ನಲವತ್ತು ರೂಪಾಯಿ ಜಾಸ್ತಿ. ಕೊಟ್ಟೆ. ವೈಕೆಕೆ ಜಪಾನಿನ ಕಂಪನಿ, 1934ರಲ್ಲಿ ತಾದಾವೊ ಯೊಶಿದಾ ಶುರು ಮಾಡಿದ್ದು. ಅಂಗಡಿಯ ಮೂರೂ ಮಷಿನ್ ಜೂಕಿ, ಅದೂ ಜಪಾನಿನದೇ, 1938ರಲ್ಲಿ ಶುರುವಾದ ಕಂಪನಿ. "ಮಾಸ್ಟ್ರೇ, ನಿಮ್ಮ ಮಷಿನ್ ಹುಟ್ಟಿದ ದೇಶಕ್ಕೇ ಹೊರಟಿದ್ದೀನಿ" ಅಂದರೆ, "ಹಂಗಾದ್ರೆ ಈ ಬಾಬಿನ್ ಕೇಸ್ ಒಂದು ತಂದುಬಿಡು, ಇಲ್ಲಿ ಎಲ್ಲಾ ಡೂಪ್ಲಿಕೇಟೇ ಸಿಗ್ತೈತೆ" ಅಂದರು. ಬಾಬಿನ್ ಕೇಸಿನ ಫೋಟೋ ತೆಗೆದುಕೊಂಡಿದ್ದೇನೆ.

ಈಗ ಬಟ್ಟೆ. ಕಡಿಮೆ ಮಾರ್ಕು ಇಲ್ಲಿ. ಅಹಮದಾಬಾದಿನಿಂದ ಬಂದ ಡೆನಿಮ್, ಚದರ ಗಜಕ್ಕೆ 12 ಔನ್ಸ್ ತೂಕ ಅಂದರು. ಕೈಗೆ ಹತ್ತೂವರೆ ಅನ್ನಿಸಿತು. ಒಳ್ಳೆಯ ಡೆನಿಮ್ಮಿನಲ್ಲಿ ಹಾಸುನೂಲನ್ನು (ಬಟ್ಟೆಯ ಉದ್ದಕ್ಕೆ ಹೋಗುವ ನೂಲು) ಹಗ್ಗದ ಹಾಗೆ ಕಟ್ಟಿ ಇಂಡಿಗೊ ನೀಲಿಯಲ್ಲಿ ಅದ್ದಿ, ಗಾಳಿಗೆ ಒಡ್ಡಿ, ಮತ್ತೆ ಅದ್ದುತ್ತಾರೆ. ನೀಲಿ ನೂಲಿನ ಸುತ್ತ ಕೂರುತ್ತದೆ, ನಡುಭಾಗ ಬೆಳ್ಳಗೇ ಉಳಿಯುತ್ತದೆ. ಉಡುತ್ತ ಉಡುತ್ತ ಮೇಲಿನ ನೀಲಿ ಸವೆದು ಒಳಗಿನ ಬಿಳಿ ಕಾಣುವುದೇ ಜೀನ್ಸಿನ ಚೆಲುವು. ಈ ಬಟ್ಟೆಯಲ್ಲಿ ನೀಲಿ ಸವೆಯುವುದಿಲ್ಲ, ಓಡಿಹೋಗುತ್ತದೆ. ಮೊದಲ ಸಲ ಹಾಕಿಕೊಂಡು ಕೂತ ದಿನ ಅಮ್ಮನ ಬಿಳಿ ಚಾದರಕ್ಕೆ ನನ್ನ ಕಾಲಿನ ನಕಾಶೆ ಬಿತ್ತು. ಉಪ್ಪು ನೀರಿನಲ್ಲಿ ನೆನೆಸು ಅಂತ ಮಾಸ್ಟರ್ ಹೇಳಿದ್ದು ಉಪಯೋಗಕ್ಕೆ ಬರುವುದಿಲ್ಲ, ಇಂಡಿಗೊಗೆ ಉಪ್ಪಿನ ಹಂಗಿಲ್ಲ. ತಣ್ಣೀರಿನಲ್ಲಿ ಒಳಮೈ ಹೊರಗೆ ಮಾಡಿ ನಾಲ್ಕಾರು ಸಲ ಜಾಲಿಸಿ, ಬಿಳಿ ಬಟ್ಟೆಯಿಂದ ದೂರ ಇಡಿ, ಅಷ್ಟೇ ದಾರಿ. ಬೇಕಿದ್ದರೆ ಬಟ್ಟೆ ನೀವೇ ತಂದುಕೊಡಿ, ಹೊಲಿಗೆಯ ದುಡ್ಡಷ್ಟೇ ತಗೊಳ್ಳುತ್ತಾರೆ. ಎರಡನೇ ಸಲಕ್ಕೆ ನಾನು ಹಾಗೇ ಮಾಡುತ್ತೇನೆ.

ವಾಷಿಂಗ್ ಮಾಡಿಸಿಕೊಡಲಾ ಅಂತಲೂ ಕೇಳಿದರು. ಬೇಡ ಅಂದೆ. ಓದುವಾಗ ಪ್ರಾಜೆಕ್ಟಿಗಾಗಿ ಒಂದು ವಾಷಿಂಗ್ ಘಟಕ ನೋಡಿದ್ದೆ. ತೊಡೆಯ ಮೇಲೆ ಹಳತಾದ ಹಾಗೆ ಕಾಣಲಿ ಅಂತ ಪರ್ಮ್ಯಾಂಗನೇಟ್ ಸಿಂಪಡಿಸುವ ಹುಡುಗರು ಮುಖಕ್ಕೆ ಕಟ್ಟಿಕೊಂಡದ್ದು ಬರೀ ಕರ್ಚೀಫು. ನಾನೇ ಉಟ್ಟು ಹಳೆಯದು ಮಾಡಬಹುದಾದ ಪ್ಯಾಂಟನ್ನು ಇನ್ನೊಬ್ಬರ ಶ್ವಾಸಕೋಶದಲ್ಲಿ ಹಳೆಯದು ಮಾಡಿಸಲು ಮನಸ್ಸು ಬರಲಿಲ್ಲ.

ಪ್ಯಾಂಟು ತಯಾರಾದ ದಿನ ಮಗ ಒಂದು ಪ್ಲಾಸ್ಟಿಕ್ ಡಬ್ಬಿ ಮುಂದಿಟ್ಟ. "ಅಕ್ಕಾ, ಯಾವ ಲೇಬಲ್ ಹಾಕ್ಲಿ?" ಡಬ್ಬಿಯ ತುಂಬ ಜಗತ್ತಿನ ದೊಡ್ಡ ದೊಡ್ಡ ಹೆಸರುಗಳು, ಚರ್ಮದ ಪಟ್ಟಿಗಳು, ಕುದುರೆ, ಹುಲಿ, ಒಂದೆರಡರಲ್ಲಿ ಸ್ಪೆಲಿಂಗೂ ತಪ್ಪು. ನಿಮ್ಮದೇ ಹಾಕಿ ಅಂದೆ. ಅಪ್ಪ ಮಗ ಮುಖ ಮುಖ ನೋಡಿಕೊಂಡರು. "ನಮ್ಮದು ಅಂತ ಒಂದು ಇಲ್ಲಮ್ಮಾ. ಹಾಕಿದ್ರೆ ಯಾರು ತಗೋತಾರೆ?"

ಕೊಜಿಮಾದ ಚರಿತ್ರೆ ಓದಿದಾಗಿನಿಂದ ಈ ಮಾತು ನನ್ನನ್ನು ಕೆಣಕುತ್ತಲೇ ಇದೆ. ಕೊಜಿಮಾ ಇರೋದು ಒಕಾಯಾಮಾ ಪ್ರಾಂತ್ಯದ ಕುರಾಶಿಕಿ ಊರಲ್ಲಿ, ಜಪಾನಿನ ಜೀನ್ಸಿನ ತವರು. ಒಂದು ಕಾಲಕ್ಕೆ ದ್ವೀಪ. ಸಮುದ್ರ ತುಂಬಿಸಿ ಮಾಡಿದ ಉಪ್ಪಿನ ನೆಲದಲ್ಲಿ ಭತ್ತ ಬೆಳೆಯದೆ ಹತ್ತಿ ಹಾಕಿದರು. ಹತ್ತಿಯಿಂದ ಪಟ್ಟಿ, ಕಾಲುಚೀಲ, ಆಮೇಲೆ ಶಾಲಾ ಸಮವಸ್ತ್ರ. ಸಮವಸ್ತ್ರಕ್ಕೆ ಸಿಂಥೆಟಿಕ್ ಬಟ್ಟೆ ಬಂದು ಹೊಡೆತ ಬಿದ್ದ ಮೇಲೆ, ದಪ್ಪ ಬಟ್ಟೆ ಹೊಲಿಯುವ ಮಷಿನ್ನು ಮತ್ತು ಕೈ ಇಟ್ಟುಕೊಂಡು ಕೂತವರು 1965ರಲ್ಲಿ ಅಮೆರಿಕದ ಡೆನಿಮ್ ತರಿಸಿ ಮೊದಲ ಜೀನ್ಸ್ ಹೊಲಿದರು. 1970ರಲ್ಲಿ ಕೈಹಾರಾ ಕಂಪನಿ ನೂಲನ್ನು ಹಗ್ಗ ಮಾಡಿ ಬಣ್ಣದಲ್ಲಿ ಅದ್ದುವ ಯಂತ್ರವನ್ನು ತಾನೇ ಕಟ್ಟಿತು, ಅದಾದ ಎರಡು ಮೂರು ವರ್ಷಕ್ಕೆ ಕುರಾಬೊ ಕಂಪನಿ ಜಪಾನಿನದೇ ಡೆನಿಮ್ ನೇಯಿತು. ಹೊಲಿಗೆ ಮೊದಲು, ಬಟ್ಟೆ ಆಮೇಲೆ, ಹೆಸರು ಅದರ ಜೊತೆಗೆ. ನಮ್ಮ ಊರಿನ ಕತೆಯ ಮೊದಲ ಅಧ್ಯಾಯ ಹೆಚ್ಚುಕಡಿಮೆ ಇದೇ. ಕೌಲ್‌ಬಜಾರು ಬ್ರಿಟಿಷರ ದಂಡಿನ ಬಜಾರು. ಸಿಪಾಯಿಗಳ ಬಟ್ಟೆ ಹೊಲಿದ ದರ್ಜಿಗಳ ಮೊಮ್ಮಕ್ಕಳೇ ಇವತ್ತಿನ ಜೀನ್ಸಿನವರು ಅಂತ ಹಿರಿಯರು ಹೇಳುತ್ತಾರೆ. ಕೊಜಿಮಾದವರೂ ಸಮವಸ್ತ್ರದಿಂದ ಜೀನ್ಸಿಗೆ ಬಂದವರು, ಇವರೂ ಅಷ್ಟೇ. ಅಲ್ಲಿನ ಅಂಗಡಿಗಳಲ್ಲಿ ಒಂದು ಜೀನ್ಸಿಗೆ ಇಪ್ಪತ್ತು ಸಾವಿರ ಯೆನ್ ದಾಟುವುದು ಮಾಮೂಲು, ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಯ ಮೇಲೆ. ನನ್ನ ಜೀನ್ಸಿಗೆ ಬಟ್ಟೆ, ಹೊಲಿಗೆ, ಜಿಪ್ಪು ಎಲ್ಲ ಸೇರಿ 1,140 ರೂಪಾಯಿ. ವ್ಯತ್ಯಾಸ ಹೊಲಿಗೆಯಲ್ಲಂತೂ ಇಲ್ಲ. ಬಟ್ಟೆಯಲ್ಲಿದೆ, ಬಣ್ಣದಲ್ಲಿದೆ, ಉಳಿದದ್ದು ಆ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ.

ನಾನೇನೋ ಜಪಾನಿಗೆ ಹೋಗಿ ಬಂದು ಬಳ್ಳಾರಿಯನ್ನು ಉದ್ಧಾರ ಮಾಡುತ್ತೇನೆ ಅಂತ ಹೊರಟಿಲ್ಲ, ಅಂಥ ಭಾಷಣ ಬೀಳ್ಕೊಡುಗೆಯಲ್ಲಿ ಬೇರೆಯವರು ಮಾಡಿದ್ದಾರೆ. ನನ್ನ ಓದು ಬಣ್ಣದ ಮೇಲೆ, ಕಡಿಮೆ ನೀರಿನಲ್ಲಿ ಇಂಡಿಗೊ ಕೂರಿಸುವುದರ ಮೇಲೆ. ಚಳಿಗಾಲದ ರಜೆಯಲ್ಲಿ ದುಡ್ಡು ಉಳಿದರೆ ಒಕಾಯಾಮಾ ತನಕ ಹೋಗಿ, ಅಲ್ಲಿಂದ ಸೆತೊ ಸೇತುವೆಯ ಕಡೆ ಹೋಗುವ ರೈಲಿನಲ್ಲಿ ಕೊಜಿಮಾಕ್ಕೆ ಇಳಿದು, ಈ ಪ್ಯಾಂಟು ಹಾಕಿಕೊಂಡೇ ಆ ಅಂಗಡಿಗಳಿಗೆ ನುಗ್ಗಬೇಕೆಂದಿದೆ. ಯಾರಾದರೂ ಹೊಲಿಗೆ ತಿರುಗಿಸಿ ನೋಡಿದರೆ ಸಾಕು. ಊಟದ ಚಿಂತೆ ಬೇರೆ ಇದೆ. ಉಯೆದಾ ಇರುವ ಸೀಮೆ ಸೊಬಾ ಅನ್ನೋ ನೂಡಲ್ಸಿಗೆ ಹೆಸರುವಾಸಿ, ಆದರೆ ಅದ್ದಿಕೊಳ್ಳುವ ಸಾರಿಗೆ ಒಣಮೀನಿನ ರಸ ಬಿದ್ದಿರುತ್ತದೆ. ಅಮ್ಮ ಶೇಂಗಾ ಚಟ್ನಿಪುಡಿ ಕುಟ್ಟುತ್ತಲೇ ಇದ್ದಾಳೆ, 23 ಕೆಜಿಯಲ್ಲಿ ಜೀನ್ಸಿಗೆ ಉಳಿಯುವ ಜಾಗ ದಿನಾ ಕಮ್ಮಿಯಾಗುತ್ತಿದೆ.

ಹೋಗುವವರಿಗೆ ಇನ್ನೊಂದಿಷ್ಟು. ಟ್ರಯಲ್ ರೂಮಿಲ್ಲ, ಬಟ್ಟೆಯ ರೋಲುಗಳ ಹಿಂದೆ ಒಂದು ಪರದೆ ಎಳೆಯುತ್ತಾರೆ. ಹುಡುಗಿಯರು ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಬಿಲ್ಲು ಕೊಡುವುದಿಲ್ಲ, ಅಳತೆಯ ಚೀಟಿಯನ್ನೇ ಜೋಪಾನ ಮಾಡಿ. ಶುಕ್ರವಾರ ಅಂದರೆ ಮುಂದಿನ ಬುಧವಾರ ಅಂತ ತಿಳಿದುಕೊಳ್ಳಿ. ಹಬ್ಬದ ಮುಂಚೆ ಜಾಬ್‌ವರ್ಕಿನ ಕಟ್ಟು ಬಂದರೆ ನಿಮ್ಮ ಒಂದು ಪೀಸು ಮೂಲೆ ಸೇರುತ್ತದೆ, ದಿನಕ್ಕೊಂದು ಫೋನು ಮಾಡಬೇಕು. ಮೊದಲ ಫಿಟ್ಟಿಂಗಿನಲ್ಲಿ ನನ್ನ ಸೊಂಟದ ಹಿಂದೆ ಗೇಣುದ್ದ ಬಾಯಿ ಬಿಟ್ಟಿತ್ತು. ಗಂಡಸರ ಪ್ಯಾಟರ್ನ್ ಕೈಗೆ ಕೂತಿರುವುದರಿಂದ ಹಾಗಾಗುತ್ತದೆ. ಹೇಳಿದ ತಕ್ಷಣ ಯೋಕ್, ಅಂದರೆ ಸೊಂಟಪಟ್ಟಿಯ ಕೆಳಗಿನ ಹಿಂಬದಿಯ ತುಂಡು, ಬಿಚ್ಚಿ ಸರಿ ಮಾಡಿದರು, ಮುಖ ಗಂಟಿಕ್ಕಲಿಲ್ಲ, ಮೇಲೆ ದುಡ್ಡೂ ಕೇಳಲಿಲ್ಲ. ಕಾಲಿನ ಮಡಿಕೆಗೆ ಚೈನ್ ಸ್ಟಿಚ್ ಬೇಕು ಅಂದರೆ ಮೊದಲೇ ಹೇಳಿ, ಅದಕ್ಕೆ ಬೇರೆ ಕಡೆ ಕಳಿಸಬೇಕು. ಸಂಜೆ ಹೋದರೆ ಕಾಯುವ ಹೊತ್ತಿಗೆ ಮೂಲೆಯ ಗಾಡಿಯಲ್ಲಿ ಒಗ್ಗರಣೆ ಮಿರ್ಚಿ ಸಿಗುತ್ತದೆ, ಆದರೆ ಎಣ್ಣೆ ಕೈ ತೊಳೆಯದೆ ಒಳಗೆ ಬಂದರೆ ಮಾಸ್ಟರ್ ಬಯ್ಯುತ್ತಾರೆ.

ನನ್ನ ಪ್ಯಾಂಟಿನ ಹಿಂದೆ ಲೇಬಲ್ಲಿನ ಜಾಗ ಖಾಲಿ ಇದೆ. ತಮ್ಮನೂ ಒಂದು ಹೊಲಿಯಲು ಕೊಟ್ಟಿದ್ದಾನೆ, ಅವನು ಡಬ್ಬಿ ಪೂರ್ತಿ ಕೆದಕಿ ಹುಲಿಯದ್ದೇ ಬೇಕು ಅಂದ.