ಮೆಗಲೊಡಾನ್ ಸಿನಿಮಾ: ಮೂರರಲ್ಲಿ ಯಾವುದು?

ಯಾವಾಗಲೋ ಅಳಿದುಹೋದ ದೈತ್ಯ ಶಾರ್ಕ್ ಮೆಗಲೊಡಾನ್ ಮತ್ತೆ ಬರುತ್ತದೆ, ಮೂರರ ಕಥೆಯೂ ಅಷ್ಟೇ. ವ್ಯತ್ಯಾಸ ಇರುವುದು ದುಡ್ಡಿನಲ್ಲಿ.

‘ಶಾರ್ಕ್ ಅಟ್ಯಾಕ್ 3: ಮೆಗಲೊಡಾನ್’ (2002) ಕಡಿಮೆ ಬಜೆಟ್ಟಿನದು. ಜನ ತುಂಬಿದ ರಬ್ಬರ್ ದೋಣಿಯನ್ನು ಶಾರ್ಕ್ ಹಾಗೇ ನುಂಗುತ್ತದೆ. ಎರಡು ಬೇರೆ ದೃಶ್ಯ ತಂದು ಅಂಟಿಸಿದ್ದಾರೆ ಅಂತ ಕಣ್ಣಿಗೆ ಹೊಡೆಯುತ್ತದೆ! ಗೆಳೆಯರ ಗುಂಪು ಸೇರಿದ್ದರೆ ಇದೇ ಸರಿ, ಒಬ್ಬರೇ ಕೂತರೆ ಬೋರು.

‘ಮೆಗಾ ಶಾರ್ಕ್ ವರ್ಸಸ್ ಜೈಂಟ್ ಆಕ್ಟೋಪಸ್’ (2009) ಕೂಡ ಅಗ್ಗದ್ದೇ. ಇದರಲ್ಲಿ ಶಾರ್ಕ್ ನೀರಿಂದ ಚಿಮ್ಮಿ, ಹಾರುವ ವಿಮಾನಕ್ಕೇ ಬಾಯಿ ಹಾಕುತ್ತದೆ. ಆ ದೃಶ್ಯ ಮಜಾ, ಮಧ್ಯೆ ಮಾತು ಜಾಸ್ತಿ. ತಾಳ್ಮೆ ಇಲ್ಲದವರು ಸುಮ್ನೆ ಟ್ರೇಲರ್ ನೋಡಿದರೂ ಸಾಕು.

ಗ್ರಾಫಿಕ್ಸ್ ಚೆನ್ನಾಗಿರಬೇಕಾ? ‘ದಿ ಮೆಗ್’ (2018) ನೋಡಿ. ರಕ್ತ ಕಡಿಮೆ, ದೊಡ್ಡ ಮಕ್ಕಳ ಜೊತೆಗೂ ನಡೆಯುತ್ತದೆ. ನಿಜವಾಗಿ ಹೆದರಬೇಕು ಅಂದ್ರೆ ಮಾತ್ರ ಮೂರೂ ಸಾಲದು.